ಮನೆಯವರು ಹೇಳಿದ ಮೊದಲ ಮಾತು: ಕುಟುಂಬದೊಳಗಿನ ಕೊಲೆಗಳ ತನಿಖೆಯ ಕುರಿತು ಒಂದು ಚರ್ಚೆ

ಹಳೇಕಡತ (ಚರ್ಚೆ ಆರಂಭಿಸಿದವರು)

ಬೆಂಗಳೂರಿನ ರಿಚ್ಮಂಡ್ ರಸ್ತೆಯ 81ನೇ ಸಂಖ್ಯೆಯ ಬಂಗಲೆಯಲ್ಲಿ ವಾಸವಾಗಿದ್ದ ಶಾಕೆರೆ ಖಲೀಲಿಯವರನ್ನು 1991ರ ಮೇ 28ರ ನಂತರ ಜೀವಂತವಾಗಿ ನೋಡಿದವರು ಯಾರೂ ಇಲ್ಲ. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳಾದ ಆಕೆ ನಾಲ್ವರು ಹೆಣ್ಣುಮಕ್ಕಳ ತಾಯಿ. ರಾಜತಾಂತ್ರಿಕರಾಗಿದ್ದ ಮೊದಲ ಪತಿಯಿಂದ 1985ರಲ್ಲಿ ವಿಚ್ಛೇದನ ಪಡೆದು, ಮರುವರ್ಷ ಮುರಳಿ ಮನೋಹರ ಮಿಶ್ರಾ ಯಾನೆ ಸ್ವಾಮಿ ಶ್ರದ್ಧಾನಂದ ಎಂಬಾತನನ್ನು ಮದುವೆಯಾಗಿದ್ದರು. ಆಸ್ತಿಯ ವ್ಯವಹಾರ ನೋಡಿಕೊಳ್ಳಲು ಅವನಿಗೆ ಜಿಪಿಎ (ತಮ್ಮ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ) ಬರೆದುಕೊಟ್ಟಿದ್ದರು. ಅವನ ಹೆಸರಿಗೆ ಉಯಿಲನ್ನೂ ಬರೆದಿದ್ದರು.

ಅಮ್ಮ ಎಲ್ಲಿ ಎಂದು ಮಗಳು ಕೇಳಿದಾಗಲೆಲ್ಲ ಅವನಿಂದ ಒಂದೊಂದು ಬಾರಿ ಒಂದೊಂದು ಉತ್ತರ ಬರುತ್ತಿತ್ತು. ಊರಿನಲ್ಲಿಲ್ಲ ಎಂದ, ಯಾವುದೋ ಮದುವೆಗೆ ಹೋಗಿದ್ದಾಳೆ ಎಂದ, ಕೊನೆಗೆ ಅಮೆರಿಕದ ಆಸ್ಪತ್ರೆಯೊಂದರಲ್ಲಿದ್ದಾಳೆ ಎಂದ. ಮಗಳು ಆ ಆಸ್ಪತ್ರೆಯನ್ನೇ ವಿಚಾರಿಸಿದರೆ ಅಂತಹ ಹೆಸರಿನವರು ಯಾರೂ ಅಲ್ಲಿ ದಾಖಲಾಗಿರಲಿಲ್ಲ. 1992ರ ಜೂನ್ ತಿಂಗಳಲ್ಲಿ ಆಕೆ ಅಶೋಕನಗರ ಠಾಣೆಗೆ ದೂರು ಕೊಟ್ಟರು. 1994ರ ಮಾರ್ಚ್‌ನಲ್ಲಿ ಪ್ರಕರಣ ಕೇಂದ್ರ ಅಪರಾಧ ವಿಭಾಗಕ್ಕೆ ಹೋಯಿತು. ಅದೇ ತಿಂಗಳ 30ರಂದು, ಅವನೇ ತೋರಿಸಿದ ಜಾಗದಲ್ಲಿ, ಮಲಗುವ ಕೋಣೆಯ ಹಿಂದಿನ ಅಂಗಳವನ್ನು ಅಗೆದಾಗ ಒಂದು ಮರದ ಪೆಟ್ಟಿಗೆ ಸಿಕ್ಕಿತು. ಅದರೊಳಗೆ ಹಾಸಿಗೆಯೂ, ಅದರ ಮೇಲೆ ಅಸ್ಥಿಯೂ ಇದ್ದವು. ನಿದ್ರೆಯ ಔಷಧ ಕೊಟ್ಟು, ಉಸಿರಿರುವಾಗಲೇ ಹೂತಿದ್ದಾನೆ ಎಂಬುದು ಪ್ರಾಸಿಕ್ಯೂಷನ್‌ನ ವಾದವಾಗಿತ್ತು.

ಹೆಂಡತಿಯನ್ನು ಹೂತ ಜಾಗದ ಪಕ್ಕದಲ್ಲಿಯೇ ಅವನು ಸುಮಾರು ಮೂರು ವರ್ಷ ಬದುಕಿದ. ಇದನ್ನು ಬಹಳಷ್ಟು ಜನ ಅವನ ಕ್ರೌರ್ಯದ ಕಥೆಯಾಗಿ ಹೇಳುತ್ತಾರೆ. ನನ್ನನ್ನು ಕಾಡುವುದು ಬೇರೆಯದೇ ಸಂಗತಿ. ದೂರು ಕೊಟ್ಟ ಮೇಲೂ ಒಂದು ವರ್ಷ ಒಂಬತ್ತು ತಿಂಗಳು ಆ ಮನೆಯ ಅಂಗಳಕ್ಕೆ ಯಾರೂ ಹಾರೆ ಹಾಕಲಿಲ್ಲ. ಗಂಡ ಹೇಳುತ್ತಿದ್ದಾನೆ ಎಂಬ ಒಂದೇ ಕಾರಣಕ್ಕೆ ಆ ಮಾತು ಅಷ್ಟು ದಿನ ನಡೆಯಿತು. ಕುಟುಂಬದೊಳಗಿನ ಕೊಲೆಯಲ್ಲಿ ಸಾವಿನ ಸುದ್ದಿ ತರುವವರೂ, ಮೊದಲ ಹೇಳಿಕೆ ಕೊಡುವವರೂ, ಶವಸಂಸ್ಕಾರಕ್ಕೆ ಅವಸರಪಡಿಸುವವರೂ ಮನೆಯವರೇ ಆಗಿರುತ್ತಾರೆ. ಆ ಮೊದಲ ಮಾತನ್ನು ಪರೀಕ್ಷಿಸುವವರು ಯಾರು, ಯಾವಾಗ, ಹೇಗೆ? ಈ ವಿಷಯವನ್ನು ಹತ್ತಿರದಿಂದ ಬಲ್ಲವರು ದಯವಿಟ್ಟು ಬರೆಯಬೇಕು.

ನಿವೃತ್ತ ಠಾಣಾ ಬರಹಗಾರ

ಮೂವತ್ತಕ್ಕೂ ಹೆಚ್ಚು ವರ್ಷ ಠಾಣೆಗಳಲ್ಲಿ ಕಳೆದವನಾಗಿ, ಅದರಲ್ಲಿ ಬಹುಪಾಲು ಬರವಣಿಗೆಯ ಮೇಜಿನ ಹಿಂದೆಯೇ ಕುಳಿತವನಾಗಿ, ತಮ್ಮ ಪ್ರಶ್ನೆಗೆ ನನಗೆ ತಿಳಿದಷ್ಟನ್ನು ಹೇಳುತ್ತೇನೆ.

ಮನೆಯಲ್ಲಿ ಅಸಹಜ ಸಾವು ಸಂಭವಿಸಿದಾಗ ಠಾಣೆಗೆ ಬರುವ ಫಿರ್ಯಾದಿನಲ್ಲಿ ಒಂದು ಸಿದ್ಧ ವಾಕ್ಯವಿರುತ್ತದೆ: "ಹೊಟ್ಟೆನೋವಿನ ಬಾಧೆ ತಾಳಲಾರದೆ ಜೀವನದಲ್ಲಿ ಜಿಗುಪ್ಸೆಗೊಂಡು ನೇಣು ಹಾಕಿಕೊಂಡಿರುತ್ತಾಳೆ, ಆಕೆಯ ಸಾವಿನಲ್ಲಿ ಬೇರೆ ಯಾವುದೇ ಅನುಮಾನ ಇರುವುದಿಲ್ಲ." ಊರು ಬದಲಾದರೂ, ಠಾಣೆ ಬದಲಾದರೂ ಈ ವಾಕ್ಯ ಬದಲಾಗುವುದಿಲ್ಲ. ಇದನ್ನು ಎಷ್ಟೋ ಬಾರಿ ಫಿರ್ಯಾದುದಾರರು ಹೇಳುವ ಮೊದಲೇ ನಮ್ಮ ಕೈ ಬರೆದುಬಿಡುತ್ತಿತ್ತು. ಯುಡಿಆರ್ (ಅಸಹಜ ಸಾವಿನ ವರದಿ) ದಾಖಲಾಗುತ್ತದೆ, ಪಂಚರ ಮುಂದೆ ಶವಪಂಚನಾಮೆ ನಡೆಯುತ್ತದೆ, ಶವಪರೀಕ್ಷೆಯಾಗಿ ಶವವನ್ನು ವಾರಸುದಾರರಿಗೆ ಒಪ್ಪಿಸಲಾಗುತ್ತದೆ. ಅಲ್ಲಿಗೆ ಎಲ್ಲವೂ ಕ್ರಮಬದ್ಧವಾಗಿಯೇ ಮುಗಿದಂತೆ ಕಾಣುತ್ತದೆ. ಆದರೆ ಆ ಒಂದು ವಾಕ್ಯ ಮುಂದಿನ ಎಲ್ಲ ಕಾಗದಗಳ ಮೇಲೆ ನೆರಳು ಬೀಳಿಸುತ್ತದೆ. ಸ್ಥಳಕ್ಕೆ ಹೋದ ಪೇದೆಯೂ, ಪಂಚರೂ, ಕೆಲವೊಮ್ಮೆ ವೈದ್ಯರೂ ಅದನ್ನು ಓದಿಕೊಂಡೇ ಶವವನ್ನು ನೋಡುತ್ತಾರೆ.

ಒಳ್ಳೆಯ ತನಿಖಾಧಿಕಾರಿಗಳೂ ನನಗೆ ಗೊತ್ತು. ಒಬ್ಬರು ನೇಣಿನ ಪ್ರಕರಣದ ಮನೆಗೆ ಹೋದರೆ ಮೊದಲು ಶವದ ಕಡೆಗೆ ನೋಡುತ್ತಿರಲಿಲ್ಲ. ತೊಲೆಯ ಮೇಲಿನ ಧೂಳನ್ನು ನೋಡುತ್ತಿದ್ದರು. ಹಗ್ಗ ಎಳೆದಾಡಿದ್ದರೆ ಧೂಳು ಒರೆಸಿಹೋಗಿರಬೇಕು. ಕಾಲ ಕೆಳಗಿನ ಸ್ಟೂಲಿನ ಎತ್ತರಕ್ಕೂ ಕುಣಿಕೆಯ ಎತ್ತರಕ್ಕೂ ತಾಳೆಯಾಗಬೇಕು. ಬಾಗಿಲು ಒಡೆದು ಒಳಗೆ ಹೋದೆವು ಎನ್ನುವವರ ಮನೆಯ ಚಿಲಕ ಬಾಗಿರಬೇಕು. ಆನಂತರ ಅಡುಗೆಮನೆಗೆ ಹೋಗಿ ರಾತ್ರಿ ಎಷ್ಟು ತಟ್ಟೆ ತೊಳೆದಿಟ್ಟಿದ್ದಾರೆ ಎಂದು ಎಣಿಸುತ್ತಿದ್ದರು. ಅವರು ಬರೆಸುತ್ತಿದ್ದ ಮಹಜರು ಉಳಿದವರದ್ದಕ್ಕಿಂತ ಮೂರು ಪಟ್ಟು ಉದ್ದವಿರುತ್ತಿತ್ತು, ಕೈ ನೋಯುತ್ತಿತ್ತು. ಅದರ ಬೆಲೆ ನನಗೆ ತಿಳಿದದ್ದು ಬಹಳ ತಡವಾಗಿ, ಸಾಕ್ಷಿ ಕಟ್ಟೆಯಲ್ಲಿ ನಿಂತಾಗ.

ಆಗುಂಬೆ ಕಡೆಯವನು

ನಮ್ಮ ಕಡೆ ಹಾವು ಕಚ್ಚಿ ಸತ್ತರು ಎಂದರೆ ಮರುಪ್ರಶ್ನೆ ಕೇಳುವವರಿಲ್ಲ. ಹೆಚ್ಚೆಂದರೆ ನಾಗದೋಷವಿತ್ತೇ ಎಂದು ವಿಚಾರಿಸುತ್ತಾರೆ. ಹೀಗಾಗಿಯೇ ಕೇರಳದ ಕೊಲ್ಲಂ ಜಿಲ್ಲೆಯ ಅಂಚಲ್‌ನ ಉತ್ರಾ ಪ್ರಕರಣವನ್ನು ನಾನು ಬಿಡದೆ ಓದಿದೆ.

ಇಪ್ಪತ್ತೈದು ವರ್ಷದ ಆ ಹೆಣ್ಣುಮಗಳಿಗೆ 2020ರ ಮಾರ್ಚ್ 2ರಂದು ಗಂಡನ ಮನೆಯಲ್ಲಿ ಕೊಳಕುಮಂಡಲ ಕಚ್ಚಿತು. ವಾರಗಟ್ಟಲೆ ಆಸ್ಪತ್ರೆಯಲ್ಲಿದ್ದು, ಚರ್ಮದ ಕಸಿ ಮಾಡಿಸಿಕೊಂಡು, ತವರಿಗೆ ಬಂದು ಇನ್ನೂ ಚೇತರಿಸಿಕೊಳ್ಳುತ್ತಿದ್ದಾಗಲೇ ಮೇ 7ರ ಬೆಳಗ್ಗೆ ಆಕೆ ಹಾಸಿಗೆಯಲ್ಲಿ ಸತ್ತಿದ್ದಳು. ಆ ರಾತ್ರಿ ಗಂಡನೂ ಅದೇ ಕೋಣೆಯಲ್ಲಿ ಮಲಗಿದ್ದ. ಕೋಣೆಯಲ್ಲಿ ನಾಗರಹಾವು ಸಿಕ್ಕಿತು. ಮನೆಯವರು ಅದನ್ನು ಕೊಂದು ಹೂತರು. ಎರಡು ತಿಂಗಳ ಅಂತರದಲ್ಲಿ ಎರಡು ಬೇರೆ ಬೇರೆ ಜಾತಿಯ ವಿಷದ ಹಾವುಗಳು ಒಬ್ಬಳನ್ನೇ, ಅದೂ ಮುಚ್ಚಿದ ಕೋಣೆಯಲ್ಲಿ, ಹುಡುಕಿಕೊಂಡು ಬಂದವೆಂಬ ಮಾತನ್ನು ಆಕೆಯ ತಂದೆ ತಾಯಿ ನಂಬಲಿಲ್ಲ. ಪೊಲೀಸ್ ವರಿಷ್ಠಾಧಿಕಾರಿಗೆ ದೂರು ಕೊಟ್ಟರು.

ಮುಂದಿನ ತನಿಖೆಯನ್ನು ಹಾವನ್ನು ಬಲ್ಲವರು ಮೆಚ್ಚಲೇಬೇಕು. ಹೂತಿದ್ದ ನಾಗರಹಾವನ್ನು ಹೊರತೆಗೆದು ಅದಕ್ಕೂ ಶವಪರೀಕ್ಷೆ ಮಾಡಿಸಿದರು. ಹಾವಿನ ಉದ್ದ ಸುಮಾರು ಒಂದೂವರೆ ಮೀಟರ್. ಅಷ್ಟು ಉದ್ದದ ನಾಗರ ತಾನಾಗಿ ಕಚ್ಚಿದರೆ ಎರಡು ಹಲ್ಲುಗಳ ಗುರುತಿನ ನಡುವಿನ ಅಂತರ ಎರಡು ಸೆಂಟಿಮೀಟರ್‌ಗಿಂತ ಕಡಿಮೆ ಇರುತ್ತದೆ. ಉತ್ರಾಳ ಎಡಗೈ ಮೇಲಿದ್ದ ಎರಡು ಕಡಿತಗಳಲ್ಲಿ ಆ ಅಂತರ 2.3 ಮತ್ತು 2.8 ಸೆಂಟಿಮೀಟರ್ ಇತ್ತು. ಇದನ್ನು ಪರೀಕ್ಷಿಸಲು ತನಿಖಾ ತಂಡ ಅರಿಪ್ಪದ ಅರಣ್ಯ ತರಬೇತಿ ಸಂಸ್ಥೆಯಲ್ಲಿ ಮಂಚದ ಮೇಲೆ ಗೊಂಬೆಯನ್ನು ಮಲಗಿಸಿ ಅದರ ಮೇಲೆ ಜೀವಂತ ನಾಗರವನ್ನು ಬಿಟ್ಟಿತು. ಹಾವು ಕಚ್ಚಲಿಲ್ಲ, ತಪ್ಪಿಸಿಕೊಂಡು ಹೋಗಲು ನೋಡಿತು. ಗೊಂಬೆಯ ಕೈಗೆ ಕೋಳಿಮಾಂಸ ಕಟ್ಟಿ ಕೆಣಕಿ ಕಚ್ಚಿಸಿದಾಗ ಗುರುತು ಕಿರಿದಾಗಿಯೇ ಬಂತು. ತಲೆಯನ್ನು ಹಿಡಿದು ಒತ್ತಿ ಕಚ್ಚಿಸಿದಾಗ ಮಾತ್ರ ಹಲ್ಲುಗಳು ಅಗಲವಾಗಿ ಊರಿ, ಉತ್ರಾಳ ಕೈ ಮೇಲಿನಂತಹ ಗುರುತು ಮೂಡಿತು.

ಹಾವು ಮಾರಿದವನು ಮಾಫಿ ಸಾಕ್ಷಿಯಾದ. ಗಂಡ ಮೊದಲೇ ಹಾವುಗಳ ಬಗ್ಗೆ ಮೊಬೈಲಿನಲ್ಲಿ ಹುಡುಕಾಡಿದ್ದು ಪತ್ತೆಯಾಯಿತು, ಉತ್ರಾಳ ಒಡಲಿನಲ್ಲಿ ಮಂಪರು ತರುವ ಔಷಧದ ಅಂಶ ಸಿಕ್ಕಿತು. 2021ರ ಅಕ್ಟೋಬರ್‌ನಲ್ಲಿ ಕೊಲ್ಲಂನ ನ್ಯಾಯಾಲಯ ಅವನಿಗೆ ಎರಡು ಜೀವಾವಧಿ ಶಿಕ್ಷೆಯನ್ನೂ, ಬೇರೆ ಆರೋಪಗಳಿಗೆ 17 ವರ್ಷದ ಸಜೆಯನ್ನೂ ವಿಧಿಸಿತು. ನಾಗರಹಾವು ಸಿಟ್ಟಿಟ್ಟುಕೊಂಡು ಬೆನ್ನುಹತ್ತುತ್ತದೆ ಎಂಬ ನಂಬಿಕೆಯನ್ನು ಕೊಲೆಗಾರನೊಬ್ಬ ಹೀಗೆ ತನ್ನ ಮರೆಯಾಗಿ ಬಳಸಿಕೊಳ್ಳಬಲ್ಲ ಎಂಬುದು ನನಗೆ ಇವತ್ತಿಗೂ ಸಂಕಟ ತರುತ್ತದೆ. ಹಾವಿಗೆ ನಾವು ಕಟ್ಟಿದ ಕಥೆಗಳೇ ಅವನಿಗೆ ಸಾಕ್ಷಿ ಹೇಳಲು ಬರಬಹುದಿತ್ತು.

ಕರಿಕೋಟು

ಆಗುಂಬೆಯವರ ಮಾತಿಗೆ ಒಂದು ಸಂಗತಿಯನ್ನು ಸೇರಿಸುತ್ತೇನೆ. ನಾವು ವಕೀಲರು ಮನೆಯೊಳಗಿನ ಕೊಲೆಗಳ ವಿಚಾರಣೆಯಲ್ಲಿ ತಪ್ಪದೆ ಉಲ್ಲೇಖಿಸುವ ತೀರ್ಪು ತ್ರಿಮುಖ ಮಾರೋತಿ ಕಿರ್ಕನ್ ಪ್ರಕರಣದ್ದು. ಮಹಾರಾಷ್ಟ್ರದ ಆ ಪ್ರಕರಣದಲ್ಲಿಯೂ ಗಂಡನ ಮನೆಯಿಂದ ತವರಿಗೆ ಹೋದ ಸುದ್ದಿ ಹಾವು ಕಚ್ಚಿ ಸತ್ತಳು ಎಂಬುದೇ ಆಗಿತ್ತು. ಶವಪರೀಕ್ಷೆಯಲ್ಲಿ ಕಂಡದ್ದು ಕುತ್ತಿಗೆ ಒತ್ತಿ ಉಸಿರುಗಟ್ಟಿಸಿದ ಗುರುತು. ನಾಲ್ಕು ಗೋಡೆಗಳ ನಡುವೆ ಗುಟ್ಟಾಗಿ ನಡೆದ ಕೃತ್ಯಕ್ಕೆ ಹೊರಗಿನ ಸಾಕ್ಷಿಗಳನ್ನು ತರುವುದು ಪ್ರಾಸಿಕ್ಯೂಷನ್‌ಗೆ ಬಹಳ ಕಷ್ಟವಾದ್ದರಿಂದ, ಒಳಗೆ ಏನಾಯಿತೆಂದು ವಿವರಿಸುವ ಹೊಣೆ ಆ ಮನೆಯಲ್ಲಿದ್ದವರ ಮೇಲೂ ಇದೆಯೆಂದು 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಿಂದಿನ ಸಾಕ್ಷ್ಯ ಅಧಿನಿಯಮದ 106ನೇ ಕಲಂ ಅದಕ್ಕೆ ಆಧಾರ. ಈಗ ಅದು ಭಾರತೀಯ ಸಾಕ್ಷ್ಯ ಅಧಿನಿಯಮದ 109ನೇ ಕಲಂ ಆಗಿದೆ.

ಆದರೆ ಇದನ್ನು ಅರ್ಧ ಓದಿದವರು, ಮನೆಯಲ್ಲಿದ್ದವನೇ ಅಪರಾಧಿ ಎಂದು ಕಾನೂನು ಹೇಳುತ್ತದೆ ಎಂದುಕೊಳ್ಳುತ್ತಾರೆ. ಹಾಗಿಲ್ಲ. ಪ್ರಾಸಿಕ್ಯೂಷನ್ ಮೊದಲು ತನ್ನ ಸರಪಳಿಯನ್ನು ಜೋಡಿಸಬೇಕು; ಆಮೇಲೆಯೇ ಆರೋಪಿಯ ಮೌನ ಅಥವಾ ಸುಳ್ಳು ವಿವರಣೆ ಅದಕ್ಕೆ ಇನ್ನೊಂದು ಕೊಂಡಿಯಾಗುತ್ತದೆ. ಸಾಂದರ್ಭಿಕ ಸಾಕ್ಷ್ಯಕ್ಕೆ ನಾವೆಲ್ಲ ಅನುಸರಿಸುವ ಐದು ಸೂತ್ರಗಳು 1984ರ ಶರದ್ ಸಾರ್ದಾ ಪ್ರಕರಣದಿಂದ ಬಂದವು. ಅದು ಕೂಡ ಗಂಡನ ಮನೆಯಲ್ಲಿ ವಿಷದಿಂದ ಸತ್ತ ಹೆಣ್ಣುಮಗಳ ಪ್ರಕರಣ, ಮತ್ತು ಅದರಲ್ಲಿ ಗಂಡ ಖುಲಾಸೆಯಾದ.

ರಿಚ್ಮಂಡ್ ರಸ್ತೆಯ ಪ್ರಕರಣಕ್ಕೆ ಬರೋಣ. ಅಲ್ಲಿ ಕಣ್ಣಾರೆ ಕಂಡ ಸಾಕ್ಷಿ ಒಬ್ಬರೂ ಇರಲಿಲ್ಲ. ಪೆಟ್ಟಿಗೆ ಮಾಡಿಸಿದ್ದು, ಅಂಗಳದಲ್ಲಿ ಗುಂಡಿ ತೆಗೆಸಿದ್ದು, ಕೊನೆಯ ಬಾರಿ ಆಕೆಯ ಜೊತೆ ಇದ್ದದ್ದು, ಅವನು ತೋರಿಸಿದ ಜಾಗದಲ್ಲಿಯೇ ಅಸ್ಥಿ ಸಿಕ್ಕಿದ್ದು, ಡಿಎನ್‌ಎ ಪರೀಕ್ಷೆಯಿಂದ ಅದು ಆಕೆಯದೇ ಎಂದು ಖಚಿತವಾದದ್ದು ಇವೆಲ್ಲ ಒಂದಕ್ಕೊಂದು ಕೂಡಿಕೊಂಡವು. ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಗಟ್ಟಿಯಾದ ಕೊಂಡಿ ಜಿಪಿಎ. ಅಧಿಕಾರ ಕೊಟ್ಟವರು ಸತ್ತ ಕ್ಷಣಕ್ಕೆ ಅದು ಬಿದ್ದುಹೋಗುತ್ತದೆ. ಆಕೆ ಕಾಣೆಯಾದ ನಂತರವೂ ಅವನು ಅದನ್ನು ಹಿಡಿದುಕೊಂಡು ಆಸ್ತಿ ಮಾರುತ್ತಿದ್ದ. ಅಂದರೆ ಅವನು ಹಾಕಿದ ಒಂದೊಂದು ರುಜುವಿಗೂ ಆಕೆ ಬದುಕಿರಲೇಬೇಕಿತ್ತು. ಅಮೆರಿಕದ ಆಸ್ಪತ್ರೆಯ ಕಥೆ ಏಕೆ ಬೇಕಾಯಿತು ಎಂಬುದಕ್ಕೆ ಉಪ ನೋಂದಣಾಧಿಕಾರಿಯ ಕಚೇರಿಯಲ್ಲಿ ಉತ್ತರವಿದೆ. ಇಂತಹ ಪ್ರಕರಣಗಳಲ್ಲಿ ತನಿಖಾಧಿಕಾರಿ ಮೊದಲ ವಾರದಲ್ಲಿಯೇ ಆ ಕಚೇರಿಗೂ ಬ್ಯಾಂಕಿನ ಲಾಕರ್ ಪುಸ್ತಕಕ್ಕೂ ಹೋಗಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ.

2005ರಲ್ಲಿ ವಿಧಿಸಿದ ಮರಣದಂಡನೆಯನ್ನು ಹೈಕೋರ್ಟ್ ಎತ್ತಿಹಿಡಿಯಿತು. 2007ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಅಪರಾಧದ ಬಗ್ಗೆ ಒಮ್ಮತಕ್ಕೆ ಬಂದರೂ ಶಿಕ್ಷೆಯ ಬಗ್ಗೆ ಭಿನ್ನಮತ ತಾಳಿದರು. 2008ರ ಜುಲೈ 22ರಂದು ಮೂವರ ಪೀಠ ಮರಣದಂಡನೆಯನ್ನು ತೆಗೆದು, ಉಸಿರಿರುವವರೆಗೂ ಬಿಡುಗಡೆಯಿಲ್ಲದ ಜೀವಾವಧಿ ಶಿಕ್ಷೆ ವಿಧಿಸಿತು. ಹದಿನಾಲ್ಕು ವರ್ಷಕ್ಕೆ ಹೊರಬರುವ ಜೀವಾವಧಿಗೂ ನೇಣಿಗೂ ನಡುವೆ ಇನ್ನೊಂದು ಶಿಕ್ಷೆಗೆ ದಾರಿ ಮಾಡಿದ್ದು ಬೆಂಗಳೂರಿನ ಈ ಪ್ರಕರಣವೇ.

ತಾಲ್ಲೂಕು ಆಸ್ಪತ್ರೆ ವೈದ್ಯೆ

ಬರಹಗಾರ ಸರ್ ಹೇಳಿದ ಆ ಸಿದ್ಧ ವಾಕ್ಯ ನಮ್ಮ ಮೇಜಿಗೂ ಬರುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದಾಗ ಅದನ್ನು ಓದಿಯೇ ಶವಾಗಾರಕ್ಕೆ ಹೋಗುತ್ತಿದ್ದೆ. ಈಗ ಮೊದಲು ಶವವನ್ನು ನೋಡಿ, ನನ್ನ ಟಿಪ್ಪಣಿ ಬರೆದುಕೊಂಡ ನಂತರವೇ ಪೊಲೀಸರ ಕಾಗದ ಓದುತ್ತೇನೆ.

ತಾನಾಗಿ ನೇಣು ಹಾಕಿಕೊಂಡಾಗ ಕುಣಿಕೆಯ ಗುರುತು ಸಾಮಾನ್ಯವಾಗಿ ಕುತ್ತಿಗೆಯ ಮೇಲ್ಭಾಗದಲ್ಲಿ ಓರೆಯಾಗಿ ಏರುತ್ತಾ ಹೋಗಿ, ಗಂಟು ಇರುವ ಕಡೆ ಅಳಿಸಿಹೋಗುತ್ತದೆ. ಹಿಂದಿನಿಂದ ಹಗ್ಗ ಬಿಗಿದು ಕೊಂದಿದ್ದರೆ ಅದು ಕೆಳಗೆ, ಅಡ್ಡವಾಗಿ, ಸುತ್ತಲೂ ಇರುತ್ತದೆ. ಒಳಗಿನ ಸ್ನಾಯುಗಳಲ್ಲಿ ರಕ್ತ ಹೆಪ್ಪುಗಟ್ಟಿರುತ್ತದೆ. ಸತ್ತ ಮೇಲೆ ರಕ್ತ ದೇಹದ ಕೆಳಭಾಗಕ್ಕೆ ಇಳಿದು ಚರ್ಮಕ್ಕೆ ನೀಲಿಗೆಂಪು ಬಣ್ಣ ಬರುತ್ತದೆ. ನೇತಾಡುತ್ತಿದ್ದ ದೇಹದಲ್ಲಿ ಅದು ಕಾಲು ಮತ್ತು ಮುಂಗೈಗಳಲ್ಲಿರಬೇಕು. ಅದು ಬೆನ್ನಿನ ಮೇಲೆ ಗಟ್ಟಿಯಾಗಿ ನಿಂತಿದ್ದರೆ, ಆ ದೇಹ ಬಹಳ ಹೊತ್ತು ನೆಲದ ಮೇಲೆ ಮಲಗಿತ್ತು ಎಂದರ್ಥ. ಇದನ್ನು ಕಾಣಲು ಯಾವ ಯಂತ್ರವೂ ಬೇಡ, ಒಳ್ಳೆಯ ಬೆಳಕು ಬೇಕು. ನಮ್ಮ ಶವಾಗಾರದಲ್ಲಿ ಎಷ್ಟೋ ಬಾರಿ ಕೊರತೆಯಾಗುವುದು ಅದೇ.

ಇನ್ನು ವಿಷದ ಅನುಮಾನವಿದ್ದರೆ ಹೊಟ್ಟೆ, ಯಕೃತ್ತು, ಮೂತ್ರಪಿಂಡದ ಭಾಗಗಳನ್ನು ಅಡುಗೆ ಉಪ್ಪಿನ ಗಟ್ಟಿ ದ್ರಾವಣದಲ್ಲಿ ಹಾಕಿ, ಬಾಟಲಿಗೆ ಸೀಲು ಮಾಡಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ (ಎಫ್‌ಎಸ್‌ಎಲ್) ಕಳಿಸಬೇಕು. ವರದಿ ಬರುವವರೆಗೆ ನಾವು ಸಾವಿನ ಕಾರಣವನ್ನು ಕಾಯ್ದಿರಿಸಿದೆ ಎಂದು ಬರೆಯುತ್ತೇವೆ. ಆ ಕಾಯ್ದಿರಿಸಿದ ಅಭಿಪ್ರಾಯವನ್ನು ಮತ್ತೆ ಬಂದು ಕೇಳುವವರು ಕಡಿಮೆ. ಸತ್ತವರ ಕಡೆಯವರಿಗೆ ಹಾಗೆ ಕೇಳಬಹುದೆಂಬುದೇ ತಿಳಿದಿರುವುದಿಲ್ಲ.

ನೋಯ್ಡಾದಿಂದ ಕನ್ನಡತಿ

ಎಲ್ಲರ ಬರಹವನ್ನೂ ಓದಿದೆ, ಬಹಳ ಉಪಯುಕ್ತವಾಗಿದೆ. ಆದರೂ ಒಂದು ಮಾತನ್ನು ಹೇಳದೆ ಇರಲಾರೆ, ಏಕೆಂದರೆ ನಾನು ಇರುವ ಊರಿನಲ್ಲಿಯೇ 2008ರ ಮೇ ತಿಂಗಳಲ್ಲಿ ಆರುಷಿಯ ಕೊಲೆಯಾಯಿತು. ಹದಿಮೂರು ವರ್ಷದ ಹುಡುಗಿ ತನ್ನ ಕೋಣೆಯಲ್ಲಿ ಸತ್ತಿದ್ದಳು. ಮನೆಕೆಲಸದ ಹೇಮರಾಜ ಕಾಣೆಯಾಗಿದ್ದಾನೆ, ಅವನೇ ಕೊಂದಿದ್ದಾನೆ ಎಂದು ಮೊದಲ ದಿನ ಎಲ್ಲರೂ ನಂಬಿದರು. ಮರುದಿನ ಅವನ ಶವ ಅದೇ ಮನೆಯ ತಾರಸಿಯಲ್ಲಿ ಸಿಕ್ಕಿತು. ತಾರಸಿಯ ಬಾಗಿಲಿಗೆ ಬೀಗವಿತ್ತು, ಮೊದಲ ದಿನ ಪೊಲೀಸರು ಅದನ್ನು ತೆರೆಯಲೇ ಇಲ್ಲ. ಆ ಹೊತ್ತಿಗೆ ಎಷ್ಟೋ ಜನ ಮನೆಯೊಳಗೆ ಓಡಾಡಿಬಿಟ್ಟಿದ್ದರು.

ಆಮೇಲೆ ಅನುಮಾನ ತಂದೆ ತಾಯಿಯ ಕಡೆಗೆ ತಿರುಗಿತು. ಸಿಬಿಐನ ಒಂದು ತಂಡ ಬೇರೆ ಮನೆಕೆಲಸದವರನ್ನು ಶಂಕಿಸಿತು, ಇನ್ನೊಂದು ತಂಡ ತಂದೆ ತಾಯಿಯನ್ನು. 2010ರ ಡಿಸೆಂಬರ್‌ನಲ್ಲಿ ಸಾಕ್ಷ್ಯ ಸಾಲದೆಂದು ಸಿಬಿಐ ಮುಕ್ತಾಯದ ವರದಿ ಕೊಟ್ಟರೂ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. 2013ರಲ್ಲಿ ತಂದೆ ತಾಯಿಗೆ ಜೀವಾವಧಿಯಾಯಿತು. 2017ರ ಅಕ್ಟೋಬರ್ 12ರಂದು ಅಲಹಾಬಾದ್ ಹೈಕೋರ್ಟ್ ಅವರನ್ನು ಖುಲಾಸೆ ಮಾಡಿತು. ಆ ವರ್ಷಗಳಲ್ಲಿ ಆ ಕುಟುಂಬದ ಬಗ್ಗೆ ಟಿವಿಗಳಲ್ಲಿ ಏನೇನು ಆಡಿದರೆಂಬುದನ್ನು ನೆನೆದರೆ ಈಗಲೂ ಮೈ ನಡುಗುತ್ತದೆ. ತಂದೆ ಅತ್ತರೋ ಇಲ್ಲವೋ, ತಾಯಿಯ ಕಣ್ಣಲ್ಲಿ ನೀರಿತ್ತೋ ಇಲ್ಲವೋ ಎಂಬುದು ಸಾಕ್ಷ್ಯವಲ್ಲ.

ಹಳೇಕಡತ

ನೋಯ್ಡಾದ ಮೇಡಂ ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ನನ್ನ ಪ್ರಶ್ನೆಯಲ್ಲಿ ಮನೆಯವರನ್ನು ಅನುಮಾನಿಸಬೇಕು ಎಂಬ ಧ್ವನಿ ಬಂದಿದ್ದರೆ ಅದನ್ನು ತಿದ್ದಿಕೊಳ್ಳುತ್ತೇನೆ. ಪರೀಕ್ಷಿಸಬೇಕಾದದ್ದು ಮನೆಯವರ ಮಾತನ್ನು. ಕೊಲ್ಲಂನ ತನಿಖಾ ತಂಡ ಮಾಡಿದ್ದು ಅದನ್ನೇ: ಹಾವು ತಾನಾಗಿ ಕಚ್ಚಿತು ಎಂಬ ಹೇಳಿಕೆಯನ್ನು ತೆಗೆದುಕೊಂಡು, ಹಾಗಿದ್ದರೆ ಗುರುತು ಹೀಗಿರಬೇಕಲ್ಲ ಎಂದು ಅಳೆದು ನೋಡಿತು. ಗುರುತು ಕಿರಿದಾಗಿದ್ದರೆ ಅದೇ ಅಳತೆ ಗಂಡನ ಪರವಾಗಿ ನಿಲ್ಲುತ್ತಿತ್ತು. ನೋಯ್ಡಾದಲ್ಲಿ ಮೊದಲ ದಿನವೇ ತಾರಸಿಯ ಬೀಗ ತೆಗೆದಿದ್ದರೆ, ಆ ತಂದೆ ತಾಯಿ ಅಪರಾಧಿಗಳಾಗಿದ್ದರೂ ನಿರಪರಾಧಿಗಳಾಗಿದ್ದರೂ ಅದು ಆಗಲೇ ತಿಳಿಯುವ ಅವಕಾಶವಿತ್ತು.

ತುಂಗಾತೀರ

ಇಲ್ಲಿ ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ನನ್ನ ಚಿಕ್ಕಪ್ಪನ ಮಗಳು ಮದುವೆಯಾದ ಐದನೆಯ ವರ್ಷದಲ್ಲಿ ತೀರಿಕೊಂಡಳು. ಬಚ್ಚಲಿನಲ್ಲಿ ಜಾರಿ ಬಿದ್ದಳು ಎಂದು ಫೋನ್ ಬಂತು. ನಾವು ತಲುಪುವಷ್ಟರಲ್ಲಿ ಆಸ್ಪತ್ರೆಯಿಂದ ಶವ ತಂದು, ಸ್ನಾನ ಮಾಡಿಸಿ, ಅರಿಸಿನ ಕುಂಕುಮ ಹಚ್ಚಿ, ಹಸಿರು ಸೀರೆ ಉಡಿಸಿ ಮಲಗಿಸಿದ್ದರು. ನನ್ನ ಚಿಕ್ಕಮ್ಮ ಮಗಳ ತಲೆ ನೇವರಿಸುವಾಗ ಕಿವಿಯ ಹಿಂದೆ ಕೈ ತಡೆದು ನಿಂತದ್ದನ್ನು ನಾನು ನೋಡಿದೆ. ಆದರೆ ಅವರು ಏನೂ ಹೇಳಲಿಲ್ಲ. ಅಂಗಳದಲ್ಲಿ ಚಿಕ್ಕಪ್ಪನಿಗೆ ಯಾರೋ ಒಂದು ಕಾಗದ ಕೊಟ್ಟು ಸಹಿ ಮಾಡಿಸಿದರು. ಬರಹಗಾರರು ಬರೆದ ವಾಕ್ಯವನ್ನು ಓದಿದಾಗ ನನಗೆ ಆ ಕಾಗದ ಕಣ್ಣ ಮುಂದೆ ಬಂತು. ಮನೆಯ ಮಾತು ಹೊಸಿಲು ದಾಟಬಾರದು, ಎರಡು ವರ್ಷದ ಮಗು ಅವರ ಕೈಯಲ್ಲಿದೆ ಎಂದು ಹಿರಿಯರೆಲ್ಲ ಸುಮ್ಮನಾದರು. ನಾನು ಯಾರ ಮೇಲೂ ಆರೋಪ ಹೊರಿಸುತ್ತಿಲ್ಲ. ಆಕೆ ಜಾರಿಯೇ ಬಿದ್ದಿರಬಹುದು. ಆದರೆ ಅದು ನಮಗೆ ತಿಳಿಯಬೇಕಲ್ಲವೇ? ಏಳು ವರ್ಷಗಳ ಮೇಲಾಯಿತು. ಈಗ ಏನಾದರೂ ಮಾಡಲು ಸಾಧ್ಯವೇ?

ಕರಿಕೋಟು

ತುಂಗಾತೀರ ಅವರೇ, ಸಾಧ್ಯವಿದೆ. ಕೊಲೆಯ ಆರೋಪಕ್ಕೆ ಕಾಲಮಿತಿಯಿಲ್ಲ. ಮದುವೆಯಾದ ಏಳು ವರ್ಷದೊಳಗೆ ಹೆಣ್ಣುಮಗಳು ಅಸಹಜವಾಗಿ ಸತ್ತರೆ ಅದಕ್ಕೆ ಕಾನೂನಿನಲ್ಲಿ ವಿಶೇಷ ಕ್ರಮವಿದೆ. ಸಾಮಾನ್ಯವಾಗಿ ತಹಶೀಲ್ದಾರರೇ ಬಂದು ಶವತನಿಖೆ ನಡೆಸಬೇಕು, ಶವಪರೀಕ್ಷೆ ಆಗಲೇಬೇಕು. ಆದ್ದರಿಂದ ಮೊದಲು ಯುಡಿಆರ್ ದಾಖಲಾಗಿತ್ತೇ ಎಂಬುದನ್ನು ತಿಳಿದುಕೊಳ್ಳಿ. ಠಾಣೆಗೂ ತಾಲ್ಲೂಕು ಕಚೇರಿಗೂ ಪ್ರತ್ಯೇಕ ಅರ್ಜಿ ಕೊಟ್ಟು ಶವಪಂಚನಾಮೆ, ಶವಪರೀಕ್ಷೆಯ ವರದಿ ಮತ್ತು ಅಂತಿಮ ವರದಿಯ ನಕಲು ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ವರದಿಯಲ್ಲಿ ಅನುಮಾನಕ್ಕೆ ಆಸ್ಪದವಿದ್ದು ಠಾಣೆಯವರು ದೂರು ತೆಗೆದುಕೊಳ್ಳದಿದ್ದರೆ ವರಿಷ್ಠಾಧಿಕಾರಿಗೆ ಲಿಖಿತವಾಗಿ ಕಳಿಸಬಹುದು, ಅಲ್ಲಿಯೂ ಆಗದಿದ್ದರೆ ಪ್ರಮಾಣಪತ್ರದೊಂದಿಗೆ (ಅಫಿಡವಿಟ್) ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ಅರ್ಜಿಯನ್ನು ತಮ್ಮ ಚಿಕ್ಕಪ್ಪನ ಹೆಸರಿನಲ್ಲಿಯೇ ಕೊಡಿ. ಅಂದು ಸಹಿ ಮಾಡಿದ್ದಾರೆಂಬ ಕಾರಣಕ್ಕೆ ಈಗ ಕೇಳುವ ಹಕ್ಕು ಹೋಗುವುದಿಲ್ಲ.

ತಾಲ್ಲೂಕು ಆಸ್ಪತ್ರೆ ವೈದ್ಯೆ

ಶವಪರೀಕ್ಷೆಯ ವರದಿ ಸಿಕ್ಕಿದರೆ ತಲೆಯ ಗಾಯದ ವಿವರವಿರುವ ಪುಟವನ್ನು ನೋಡಿ. ಬಿದ್ದ ಗಾಯ ಸಾಮಾನ್ಯವಾಗಿ ತಲೆಗೆ ಟೋಪಿ ಕೂರುವ ಸುತ್ತಳತೆಯ ಮಟ್ಟದಲ್ಲಿರುತ್ತದೆ. ಗಾಯ ಒಂದೇ ಇದೆಯೇ, ಹಲವಿವೆಯೇ, ಕೈಗಳ ಮೇಲೆ ಏನಾದರೂ ಬರೆದಿದ್ದಾರೆಯೇ ಎಂಬುದನ್ನು ಓದಿಕೊಳ್ಳಿ. ಅರ್ಥವಾಗದ ಪದವಿದ್ದರೆ, ಹೆಸರು ಊರುಗಳನ್ನು ತೆಗೆದು, ನನಗೆ ಖಾಸಗಿಯಾಗಿ ಕಳಿಸಿ. ಬರೀ ವರದಿ ನೋಡಿ ನಾನು ತೀರ್ಮಾನ ಹೇಳಲಾರೆ. ಅದು ಏನು ಹೇಳುತ್ತಿದೆ ಎಂಬುದನ್ನು ಮಾತ್ರ ವಿವರಿಸಬಲ್ಲೆ.

ತುಂಗಾತೀರ

ಇಬ್ಬರಿಗೂ ಕೃತಜ್ಞ. ನಿನ್ನೆ ರಾತ್ರಿ ಚಿಕ್ಕಪ್ಪನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಫೋನನ್ನು ಚಿಕ್ಕಮ್ಮನಿಗೆ ಕೊಟ್ಟರು. ಚಿಕ್ಕಮ್ಮ ಕೇಳಿದ್ದು ಒಂದೇ ಮಾತು: ಅರ್ಜಿಗೆ ಅವಳ ಮದುವೆಯ ಲಗ್ನಪತ್ರಿಕೆ ಬೇಕಾಗುತ್ತದೆಯೇ, ಅದನ್ನು ತೆಗೆದಿಟ್ಟಿದ್ದೇನೆ ಎಂದರು. ಸೋಮವಾರ ಮೂವರೂ ತಾಲ್ಲೂಕು ಕಚೇರಿಗೆ ಹೋಗುತ್ತಿದ್ದೇವೆ.